ಲಾಕ್‌ಡೌನ್ ಟೈಮಲ್ಲಿ ಹೂವಿನ ರೈತರಿಗೆ ಘೋಷಿಸಿದ 25,000 ರೂಪಾಯಿ ನಿಜವಾಗಿ ಕೈಗೆ ಬಂತಾ?

ನಮ್ಮ ಮನೆಗೆ ಬಂತು. ಆದರೆ ನೀವು ಕೇಳಿರುವ 25,000 ಒಬ್ಬೊಬ್ಬ ರೈತನಿಗಲ್ಲ, ಅದು ಹೆಕ್ಟೇರಿನ ಲೆಕ್ಕ.

ನಮ್ಮದು ಚಿಕ್ಕಬಳ್ಳಾಪುರದ ಕಡೆ. ಸ್ವಂತ 30 ಗುಂಟೆಯಲ್ಲಿ ಸೇವಂತಿಗೆ ಇತ್ತು. ಪಕ್ಕದ 20 ಗುಂಟೆ ಗುತ್ತಿಗೆಗೆ ಹಿಡಿದು ಚೆಂಡು ಹೂವು ಹಾಕಿದ್ದೆವು. 2020ರಲ್ಲಿ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಹಬ್ಬಕ್ಕೆ ಅಂತ ಬಿಡಿಸಿದ್ದ ಹೂವು ಚೀಲದಲ್ಲೇ ಉಳಿಯಿತು. ಎರಡನೇ ದಿನ ಚೀಲದೊಳಗೆ ಕೈ ಹಾಕಿದರೆ ಬಿಸಿ ತಟ್ಟುತ್ತಿತ್ತು, ಎಸಳು ಕಂದಿ ಅಂಟಂಟಾಗಿತ್ತು. ಅಮ್ಮ ಮೇಲಿನಿಂದ ಒಂದು ಹಿಡಿ ಆರಿಸಿ ದೇವರ ಮುಂದೆ ಇಟ್ಟರು. ಉಳಿದದ್ದೆಲ್ಲ ತಿಪ್ಪೆಗೆ.

ತರಕಾರಿ ಗಾಡಿಯನ್ನಾದರೂ ಬಿಡುತ್ತಿದ್ದರು. ಹೂವು ಯಾರಿಗೆ ಬೇಕಿತ್ತು? ದೇವಸ್ಥಾನ ಮುಚ್ಚಿತ್ತು, ಮದುವೆಗಳು ಮುಂದಕ್ಕೆ ಹೋಗಿದ್ದವು. ಹಾಗಂತ ಬಿಡಿಸದೆ ಸುಮ್ನೆ ಇರೋಕೂ ಆಗಲ್ಲ, ಗಿಡ ಹಾಳಾಗುತ್ತದೆ. ಬಿಸಾಡುವ ಹೂವಿಗೂ ಕೂಲಿ ಕೊಟ್ಟೆವು.

ಮೇ 6ಕ್ಕೆ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜ್ ಘೋಷಿಸಿದರು. ಹೂವಿಗೆ ಹೆಕ್ಟೇರಿಗೆ 25,000 ಅಂತ ಬಂದದ್ದು ಅದರಲ್ಲೇ. ಎಷ್ಟೇ ಜಮೀನಿದ್ದರೂ ಒಂದು ಹೆಕ್ಟೇರಿಗೆ ಮಾತ್ರ. ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ 99 ಗುಂಟೆ. ಅಲ್ಲಿಗೆ ಗುಂಟೆಗೆ 250 ರೂಪಾಯಿ ಚಿಲ್ಲರೆ. ನಮ್ಮ 30 ಗುಂಟೆಗೆ ಏಳೂವರೆ ಸಾವಿರ. ಸಸಿಗೇ ಅದಕ್ಕಿಂತ ಜಾಸ್ತಿ ಹೋಗಿತ್ತು. ಆದರೂ ಸುಳ್ಳು ಹೇಳಬಾರದು, ಕೈಯಲ್ಲಿ ಕಾಸಿಲ್ಲದ ಹೊತ್ತಿಗೆ ಬಂತು. ಕೂಲಿಯವರ ಬಾಕಿ ತೀರಿಸಿದೆವು.

ನನಗೆ ಇವತ್ತಿಗೂ ಸಂಕಟ ಆಗುವುದು ಗುತ್ತಿಗೆಯವರ ವಿಷಯ. ಬೆಳೆ ಸಮೀಕ್ಷೆಯಲ್ಲಿ ಆ 20 ಗುಂಟೆಗೆ ಚೆಂಡು ಹೂವು ಅಂತ ಸರಿಯಾಗೇ ದಾಖಲಾಗಿತ್ತು. ದುಡ್ಡು ಮಾತ್ರ ಪಹಣಿಯಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಹೆಸರಿದ್ದ ಮಾಲೀಕರ ಖಾತೆಗೆ ಹೋಯಿತು. ಅವರು ಬೆಂಗಳೂರಿನಲ್ಲಿದ್ದಾರೆ. ಅಪ್ಪ ಫೋನ್ ಮಾಡಿದಾಗ, "ಇದೇನು ದುಡ್ಡು ಅಂತ ನಾನೂ ಯೋಚನೆ ಮಾಡ್ತಿದ್ದೆ ಕಣಣ್ಣ, ಬೆಳೆದೋರು ನೀವು, ಕಳಿಸ್ತೀನಿ" ಅಂದರು. ಕಳಿಸಿಯೂ ಕೊಟ್ಟರು. ಐದು ಸಾವಿರ.

ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಅಂಥ ಮಾಲೀಕರು ಸಿಗಲಿಲ್ಲ. ಅವರು ಒಂದು ಎಕರೆ ಪೂರ್ತಿ ಗುತ್ತಿಗೆಗೆ ಹಿಡಿದು ಹೂವು ಹಾಕಿದ್ದರು. ಮಾಲೀಕರನ್ನು ಕೇಳೋಕೆ ಹೋದರೆ ಕರಾರು ಪತ್ರ ಎಲ್ಲಿ ಅಂದರಂತೆ. ಪತ್ರ ಎಲ್ಲಿಂದ ತರುವುದು? ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಆದಾಗಿನಿಂದ ಜಮೀನು ಗೇಣಿಗೆ ಕೊಡುವುದಕ್ಕೇ ನಿಷೇಧ ಇದೆ. ಉಳುವವನಿಗೆ ಭೂಮಿ ಸಿಗಲಿ ಅಂತ ಮಾಡಿದ ಒಳ್ಳೆಯ ಕಾನೂನು ಅದು. ಆದರೆ ಈಗ ಗುತ್ತಿಗೆ ಎಲ್ಲಾ ಬಾಯಿ ಮಾತಿನಲ್ಲೇ ನಡೆಯುತ್ತದೆ, ನಷ್ಟವಾದಾಗ ತೋರಿಸೋಕೆ ಒಂದು ಚೀಟಿಯೂ ಇರಲ್ಲ. ಸಮೀಕ್ಷೆಗೆ ಬಂದವರು ಗಿಡದ ಫೋಟೊ ತೆಗೆಯುತ್ತಾರೆ, ಅಲ್ವಾ? ಅದನ್ನು ನೆಟ್ಟವರು ಯಾರು ಅಂತಲೂ ಬರೆದುಕೊಳ್ಳಬಹುದಿತ್ತು.

2021ರಲ್ಲಿ ಮತ್ತೆ ಹೆಕ್ಟೇರಿಗೆ 10,000 ಅಂತ ಕೊಟ್ಟರು. ಅಷ್ಟರಲ್ಲಿ ಆ ಅಕ್ಕ ಗುತ್ತಿಗೆ ಬಿಟ್ಟಿದ್ದರು. ಈಗ ನಮ್ಮ ತೋಟಕ್ಕೇ ಹೂವು ಬಿಡಿಸೋಕೆ ಕೂಲಿಗೆ ಬರುತ್ತಾರೆ.