ಹೊವಾಕಿನ್ ದಿಯಾಸ್ ಅವರ ನಂತರದ ಕಛೇರಿಗಳು ಸಿಗದಿರುವ ಬಗ್ಗೆ

ಸ್ಪೇನಿನ ಜನಪದ ಗಾಯಕ ಹೊವಾಕಿನ್ ದಿಯಾಸ್ ಅವರ 1980ರ ನಂತರದ ಕಛೇರಿಗಳ ಧ್ವನಿಮುದ್ರಣ ನಿಮಗೆ ಸಿಗದಿರುವುದಕ್ಕೆ ಕಾರಣ ಬಹುಶಃ ಇದು: 1970ರ ದಶಕದ ಮಧ್ಯಭಾಗದಲ್ಲೇ ಅವರು ವೇದಿಕೆಯಿಂದ ಹಿಂದೆ ಸರಿದು, ಹಾಡುಗಳ ಸಂಗ್ರಹ ಮತ್ತು ಅಧ್ಯಯನದಲ್ಲಿ ತೊಡಗಿಕೊಂಡರು. ಧ್ವನಿಮುದ್ರಣವನ್ನು ಮಾತ್ರ ಮುಂದುವರಿಸಿದರು. ಆದ್ದರಿಂದ ಮೊದಲು ಆಲ್ಬಂಗಳನ್ನು ಹುಡುಕಿ. ಹಳೆಯ ಕಥನಗೀತೆಗಳಿಂದ ಆರಂಭಿಸಿ, ಬಳಿಕ 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯಹೂದಿಗಳ ವಂಶಸ್ಥರು ಉಳಿಸಿಕೊಂಡು ಬಂದ ಸೆಫಾರ್ದಿ ಹಾಡುಗಳನ್ನು ಕೇಳಿ. ಗಿಟಾರಿನ ಸರಳ ಮೀಟಿನ ಮೇಲೆ ಪದಪದವೂ ಬಿಡಿಯಾಗಿ ಕೇಳಿಸುವ ಅವರ ಗಾಯನದ ನಿಜವಾದ ಸೊಗಸು ಈ ಹಾಡುಗಳಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಅನಂತರ ವಯಾದೊಲಿದ್ ಪ್ರಾಂತ್ಯದ ಉರುವೇನ್ಯದಲ್ಲಿರುವ, ಅವರದೇ ಹೆಸರಿನ ಪ್ರತಿಷ್ಠಾನದ ಜಾಲತಾಣವನ್ನು ನೋಡಿ. 1980ರಲ್ಲಿ ಆರಂಭವಾಗಿ ಅವರ ಸಂಪಾದಕತ್ವದಲ್ಲಿ ಬೆಳೆದ ಜಾನಪದ ಪತ್ರಿಕೆಯ ಸಂಚಿಕೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಇದೇ ಹೆಸರಿನವರು ಬೇರೆಯವರೂ ಇರುವುದರಿಂದ, ಹುಡುಕುವಾಗ ಊರಿನ ಹೆಸರನ್ನೂ ಸೇರಿಸಿ.