ರೆಕಾರ್ಡ್ ಮಾರಿದವರು ಪ್ರಧಾನಿ

ಪ್ರಶ್ನೆ: ಹಾಡಿನ ರೆಕಾರ್ಡ್ ಮಾರುತ್ತಿದ್ದವರೊಬ್ಬರು ಜಮೈಕಾದ ಪ್ರಧಾನಿಯಾದರಂತೆ. ನಿಜಾನಾ, ಸುಮ್ನೆ ಕಥೆನಾ?

ಉತ್ತರ: ನಿಜಾನೇ. ಎಡ್ವರ್ಡ್ ಸಿಯಾಗಾ ಅಂತ. ಹಾರ್ವರ್ಡ್‌ನಲ್ಲಿ ಓದಿ ಬಂದು, ಬಡವರ ಪೂಜೆ-ಕುಣಿತದ ಹಾಡುಗಳನ್ನು ಟೇಪಿಗೆ ಇಳಿಸಿಕೊಂಡರು, ಆಮೇಲೆ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಸ್ವಂತ ರೆಕಾರ್ಡ್ ಕಂಪನಿಯನ್ನೇ ತೆರೆದರು. 1962ರಲ್ಲಿ ಪಶ್ಚಿಮ ಕಿಂಗ್‌ಸ್ಟನ್‌ನಿಂದ ಗೆದ್ದು ಮಂತ್ರಿಯಾದರು. ಕಂಪನಿ ಸಂಗೀತಗಾರ ಬೈರನ್ ಲೀ ಕೈಗೆ ಹೋಯಿತು. ಕೊಳೆಗೇರಿ ಕೆಡವಿ ಟಿವೋಲಿ ಗಾರ್ಡನ್ಸ್ ಅನ್ನೋ ಬಡಾವಣೆ ಕಟ್ಟಿಸಿದ್ದೂ ಸಿಯಾಗಾ ಅವರೇ. ಜನರಿಗೆ ಮನೆಯೇನೋ ಸಿಕ್ಕಿತು, ಆದರೆ ಅದು ಅವರ ಪಕ್ಷದ ಕೋಟೆಯಾಗಿ, ಬಂದೂಕಿನ ಗ್ಯಾಂಗುಗಳ ಬೀಡೂ ಆಯಿತು. 1978ರಲ್ಲಿ ಗಾಯಕ ಬಾಬ್ ಮಾರ್ಲಿ ವೇದಿಕೆಗೆ ಕರೆದು, ಸಿಯಾಗಾ ಮತ್ತು ಎದುರಾಳಿ, ಆಗಿನ ಪ್ರಧಾನಿ ಮೈಕಲ್ ಮ್ಯಾನ್ಲಿ ಇಬ್ಬರ ಕೈಯನ್ನೂ ತಲೆ ಮೇಲೆತ್ತಿ ಸೇರಿಸಿದ ಫೋಟೊ ನೋಡಿದ್ದೀರಲ್ವಾ? ಖುಷಿಗಿಂತ ಮುಜುಗರವೇ ಜಾಸ್ತಿ ಕಾಣುತ್ತೆ. 1980ರಲ್ಲಿ ಮ್ಯಾನ್ಲಿಯನ್ನು ಸೋಲಿಸಿ ಸಿಯಾಗಾ ಪ್ರಧಾನಿ. 1989ರಲ್ಲಿ ಅದೇ ಮ್ಯಾನ್ಲಿ ಎದುರು ಸೋತರು.