ನಕ್ಷೆಯ ಟೆಂಡರು, ತಾತನ ಟೆಂಡರು

ಓದುಗರ ಪತ್ರ: “ಸಂಪಾದಕರಿಗೆ ನಮಸ್ಕಾರ. ನಾನು ಬಳ್ಳಾರಿಯ ಕೌಲ್‌ಬಜಾರಿನವನು, ಡಿಪ್ಲೊಮಾ ವಿದ್ಯಾರ್ಥಿ. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಸಿಮ್ಯುಲೇಟರ್ ಆಟಕ್ಕೆ ಗುಂತಕಲ್‌–ಹುಬ್ಬಳ್ಳಿ ಮೀಟರ್ ಗೇಜ್ ದಾರಿಯ ವೈಪಿ ಉಗಿ ಇಂಜಿನ್ ತಯಾರಿಸುತ್ತಿದ್ದೇನೆ. ಎಂಟು ತಿಂಗಳಾಯಿತು. ನಮ್ಮ ತಾತ ಗುಂತಕಲ್ ಶೆಡ್ಡಿನಲ್ಲಿ ಫೈರ್‌ಮನ್, ಅಂದರೆ ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವವರು ಆಗಿದ್ದವರು. ನಕ್ಷೆ ನೋಡಿ ನಾನು ಮಾಡಿದ ಟೆಂಡರ್ (ಇಂಜಿನ್ ಹಿಂದಿನ ಕಲ್ಲಿದ್ದಲು, ನೀರಿನ ಬಂಡಿ) ತೋರಿಸಿದರೆ ‘ಇದು ನಮ್ ಗಾಡಿ ಅಲ್ಲಪ್ಪ’ ಅಂತಾರೆ. ನಕ್ಷೆ ನಂಬಲೋ, ತಾತನನ್ನು ನಂಬಲೋ? ಗೆಳೆಯರು ಬೇರೆ, ‘ರಿವೆಟ್ ಎಣಿಸೋರು ಯಾರಿದಾರೆ, ಬ್ರಾಡ್ ಗೇಜಿನ ಡಬ್ಲ್ಯುಪಿ ಇಂಜಿನ್ ಮಾಡೆಲ್ ರೆಡಿ ಸಿಗುತ್ತೆ, ಅದನ್ನೇ ಸಣ್ಣದು ಮಾಡಿ ಹಾಕು’ ಅಂತಾರೆ. ಇಷ್ಟು ಕಷ್ಟಪಡುವುದಕ್ಕೆ ಅರ್ಥ ಇದೆಯೇ?”

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಸಾಲಿನಲ್ಲಿ ಮುಗಿಯುವ ಮಾತಲ್ಲ ಅನ್ನಿಸಿ, ಈ ತಿಂಗಳ ಪತ್ರದ ಪುಟವನ್ನು ಪೂರ್ತಿ ನಿಮಗೇ ಬಿಟ್ಟಿದ್ದೇನೆ.

ಗೆಳೆಯರ ಮಾತನ್ನು ಮೊದಲು ನೋಡೋಣ. ಬ್ರಾಡ್ ಗೇಜ್ ಹಳಿಯ ಅಗಲ 1676 ಮಿ.ಮೀ., ಮೀಟರ್ ಗೇಜಿನದು 1000. ಆ ಲೆಕ್ಕಕ್ಕೆ ಡಬ್ಲ್ಯುಪಿಯನ್ನು ಕುಗ್ಗಿಸಿದರೆ ಅದರ 1702 ಮಿ.ಮೀ. ದೊಡ್ಡ ಗಾಲಿ ಸುಮಾರು 1015ಕ್ಕೆ ಇಳಿಯುತ್ತದೆ. ವೈಪಿಯ ನಿಜವಾದ ಗಾಲಿ 1372 ಮಿ.ಮೀ., ಅಂದರೆ ನಾಲ್ಕೂವರೆ ಅಡಿ. ಒಂದಡಿಗಿಂತ ಹೆಚ್ಚು ವ್ಯತ್ಯಾಸ. ಹಳಿ ಕಿರಿದಾದ ಮಾತ್ರಕ್ಕೆ ಅದರ ಮೇಲಿನದ್ದೆಲ್ಲ ಅದೇ ಪ್ರಮಾಣದಲ್ಲಿ ಕಿರಿದಾಗುವುದಿಲ್ಲ. ಫೈರ್‌ಮನ್ ಸಲಿಕೆ ಬೀಸುವುದಕ್ಕೆ ಬೇಕಾದ ಜಾಗ, ಬೆಂಕಿ ಬಾಗಿಲಿನ ಎತ್ತರ, ಡ್ರೈವರ್ ತಲೆ ಹೊರಗೆ ಹಾಕುವ ಕಿಟಕಿ, ಇವೆಲ್ಲ ಆಳಿನ ಅಳತೆಗೆ ಇರುವಂಥವು. ಆದ್ದರಿಂದಲೇ ಮೀಟರ್ ಗೇಜ್ ಇಂಜಿನ್ ತನ್ನ ಹಳಿಯ ಎರಡೂ ಕಡೆ ಧಾರಾಳವಾಗಿ ಚಾಚಿಕೊಂಡು ನಿಲ್ಲುತ್ತದೆ. ಆ ನಿಲುವು ತಪ್ಪಿದರೆ ಕಂಡವರು ಕಾರಣ ಹೇಳಲಾರರು, ಆದರೆ ನೋಡಿದ ಕೂಡಲೇ ಏನೋ ಸರಿಯಿಲ್ಲ ಅಂದೇ ಅನ್ನುತ್ತಾರೆ. ಮುಖವೂ ಬೇರೆ: ಡಬ್ಲ್ಯುಪಿಗೆ ಬಂದೂಕಿನ ಗುಂಡಿನಂಥ ಮೂತಿ, ವೈಪಿಗೆ ಸ್ಮೋಕ್‌ಬಾಕ್ಸಿನ (ಬಾಯ್ಲರಿನ ಮುಂತುದಿಯ ಹೊಗೆ ಪೆಟ್ಟಿಗೆಯ) ಸಾದಾ ದುಂಡು ಬಾಗಿಲು. ಡಬ್ಲ್ಯುಪಿ ಬೇಕೆಂದರೆ ರಾಯಚೂರಿನ ದಾರಿ ಮಾಡಿ. ಮದರಾಸಿನಿಂದ ಬಂದ ಹಳಿಯೂ ಮುಂಬಯಿಯಿಂದ ಬಂದ ಹಳಿಯೂ 1871ರಲ್ಲಿ ಅಲ್ಲಿ ಕೂಡಿದವು, ಅದು ಬ್ರಾಡ್ ಗೇಜ್ ರಾಜಮಾರ್ಗ.

ರಿವೆಟ್ ವಿಷಯದಲ್ಲಿ ಮಾತ್ರ ಗೆಳೆಯರ ಮಾತನ್ನು ಅರ್ಧ ಒಪ್ಪುತ್ತೇನೆ. ರಿವೆಟ್ಟನ್ನು ಮಾಡೆಲಿನ ಮೈಗೆ ಹೊದಿಸುವ ಚಿತ್ರದಲ್ಲೇ ಬರೆದರೂ ನಡೆಯುತ್ತದೆ. ಆ ಹೊತ್ತನ್ನು ಗಾಲಿಗೂ ಅದರ ಸುತ್ತ ಆಡುವ ಸರಳುಗಳಿಗೂ ಕೊಡಿ. ಎಡಗಡೆಯ ಕ್ರ್ಯಾಂಕ್ (ಸರಳು ಗಾಲಿಗೆ ಸೇರುವ ಗೂಟ) ಮೇಲಿದ್ದಾಗ ಬಲಗಡೆಯದು ಕಾಲು ಸುತ್ತು ಮುಂದೋ ಹಿಂದೋ ಇರಬೇಕು. ಎರಡೂ ಕಡೆ ಒಂದೇ ಕೋನದಲ್ಲಿದ್ದರೆ, ಪಿಸ್ಟನ್ ತುದಿ ಮುಟ್ಟಿದಾಗ ನಿಂತ ಇಂಜಿನ್ ಮತ್ತೆ ಹೊರಡುವುದೇ ಇಲ್ಲ. ಆಟದ ಎಷ್ಟೋ ಮಾಡೆಲುಗಳಲ್ಲಿ ಒಂದು ಬದಿ ಮಾಡಿ ಇನ್ನೊಂದು ಬದಿಗೆ ಕನ್ನಡಿಯ ಪ್ರತಿಬಿಂಬದಂತೆ ಅಂಟಿಸಿರುತ್ತಾರೆ. ಇನ್ನೊಂದು, ಸಿಲಿಂಡರಿಗೆ ಉಗಿ ಬಿಡುವ ಹೊತ್ತನ್ನು ನಿಯಂತ್ರಿಸುವ ಸರಳುಗಳ ಜೋಡಣೆಯಾದ ವಾಲ್ಶಾರ್ಟ್ ಗೇರಿನಲ್ಲಿ ಡ್ರೈವರ್ ರಿವರ್ಸ್ ತಿರುಗಿಸಿದಾಗ ಬಾಗಿದ ಲಿಂಕಿನೊಳಗಿನ ಉದ್ದ ಸರಳು ಮೇಲಕ್ಕೋ ಕೆಳಕ್ಕೋ ಸರಿಯಬೇಕು. ಗಾಡಿ ನಿಂತಿದ್ದಾಗಲೂ ಸರಿಯಬೇಕು. ಇದನ್ನು ಮಾಡಿದ ದಿನ ನಿಮ್ಮ ತಾತನಿಗೆ ತೋರಿಸಿ. ಅವರು ಮೊದಲು ನೋಡುವುದು ಅದನ್ನೇ ಅಂತ ನನ್ನ ನಂಬಿಕೆ.

ಈಗ ನಿಮ್ಮ ಪ್ರಶ್ನೆ. ನಕ್ಷೆಯೂ ಸುಳ್ಳು ಹೇಳುತ್ತಿಲ್ಲ, ತಾತನೂ ಸುಳ್ಳು ಹೇಳುತ್ತಿಲ್ಲ. ಕಾರ್ಖಾನೆಯ ನಕ್ಷೆ ಹೇಳುವುದು ಇಂಜಿನ್ ಹುಟ್ಟಿದ ದಿನದ ರೂಪವನ್ನು. ತಾತ ಕಂಡದ್ದು ಅದು ಇಪ್ಪತ್ತು ವರ್ಷ ದುಡಿದ ಮೇಲಿನ ರೂಪವನ್ನು. ವೈಪಿಗಳು ಒಂದೇ ಕಡೆ ಹುಟ್ಟಿದವೂ ಅಲ್ಲ. 1949ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಂಪನಿಯಿಂದ ಮೊದಲ 20 ಬಂದವು. ಆಮೇಲೆ ಗ್ಲಾಸ್ಗೋದ ನಾರ್ತ್ ಬ್ರಿಟಿಷ್, ಮ್ಯೂನಿಕ್ಕಿನ ಕ್ರಾಸ್ ಮಾಫೈ, ನಮ್ಮ ಜಮ್‌ಶೆಡ್‌ಪುರದ ಟೆಲ್ಕೊ, ಎಲ್ಲ ಸೇರಿ 871. ನಿಮ್ಮ ಕೈಯಲ್ಲಿರುವ ನಕ್ಷೆ ಯಾವ ಕಾರ್ಖಾನೆಯದು ಅಂತ ಪತ್ರದಲ್ಲಿ ಬರೆದಿಲ್ಲ. ಅದನ್ನು ಮೊದಲು ನೋಡಿ. ಅಲ್ಲಿಂದ ಮುಂದೆ, ದೊಡ್ಡ ರಿಪೇರಿಗೆಂದು ವರ್ಕ್‌ಶಾಪಿಗೆ ಹೋದ ಇಂಜಿನ್ ತನ್ನದೇ ಬಾಯ್ಲರ್, ತನ್ನದೇ ಟೆಂಡರ್ ಹೊತ್ತು ಮರಳುತ್ತದೆ ಅನ್ನುವ ನಿಯಮವೇನೂ ಇರಲಿಲ್ಲ. ಯಾವುದು ಸಿದ್ಧವಿದೆಯೋ ಅದನ್ನು ಹಾಕಿ ಕಳಿಸುತ್ತಿದ್ದರು. ಗಾಡಿ ನಿಲ್ಲುವ ಹಾಗಿರಲಿಲ್ಲವಲ್ಲ! ಶೆಡ್ಡಿನವರು ತಮ್ಮ ಅನುಕೂಲಕ್ಕೆ ಒಂದು ಮೆಟ್ಟಿಲು, ಒಂದು ಹಿಡಿ, ಒಂದು ತಗಡು ಸೇರಿಸುವುದೂ ಇತ್ತು. ಗಾಲಿಯ ಅಳತೆಯೂ ಹಾಗೆಯೇ. 1372 ಎಂಬುದು ಹೊಸ ಗಾಲಿಯ ಲೆಕ್ಕ. ಗಾಲಿಯ ಉಕ್ಕಿನ ಪಟ್ಟಿ ಸವೆದಂತೆ ಲೇಥಿಗೆ ಹಾಕಿ ಕಡೆಯುತ್ತಾರೆ, ವ್ಯಾಸ ಇಳಿಯುತ್ತದೆ. ಮ್ಯೂಸಿಯಂನಲ್ಲಿ ನಿಂತ ಇಂಜಿನ್ನಿಗೆ ಟೇಪು ಹಿಡಿದಾಗ ಕಡಿಮೆ ಬಂದರೆ ಟೇಪನ್ನು ಬೈಯಬೇಡಿ.

ಆದ್ದರಿಂದ “ವೈಪಿ ಮಾಡುತ್ತೇನೆ” ಅನ್ನುವುದನ್ನು ಬಿಡಿ. ಒಂದು ನಂಬರು ಹಿಡಿಯಿರಿ, ಒಂದು ವರ್ಷ ಹಿಡಿಯಿರಿ. ತಾತ ಹೆಚ್ಚು ದಿನ ದುಡಿದ ಗಾಡಿಯ ನಂಬರು ಅವರಿಗೆ ನೆನಪಿದ್ದೇ ಇರುತ್ತದೆ, ಮನೆಯವರ ಹುಟ್ಟಿದ ದಿನ ಮರೆತವರೂ ಅದನ್ನು ಮರೆಯುವುದಿಲ್ಲ. ಆ ಎರಡು ಗೊತ್ತಾದರೆ ನಿಮ್ಮ ಅರ್ಧ ಜಗಳ ತಾನಾಗಿ ಬಗೆಹರಿಯುತ್ತದೆ.

ವರ್ಷ ಎಷ್ಟು ಮುಖ್ಯ ಅಂತ ನಮ್ಮ ದಾರಿಯಲ್ಲೇ ನೋಡಿ. 1951ರ ಏಪ್ರಿಲ್‌ವರೆಗೆ ಇದು ಮದ್ರಾಸ್ ಅಂಡ್ ಸದರ್ನ್ ಮರಾಠಾ ಕಂಪನಿಯ ಹೆಸರಿನ ದಾರಿ. ಆಮೇಲೆ ದಕ್ಷಿಣ ರೈಲ್ವೆ. 1966ರ ಅಕ್ಟೋಬರಿನಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಹುಬ್ಬಳ್ಳಿ ವಿಭಾಗ ಅದಕ್ಕೆ ಸೇರಿತು. ಟೆಂಡರಿನ ಮೇಲಿನ ಅಕ್ಷರ ಪ್ರತಿಸಲವೂ ಬದಲು. ನೀವು 1952 ಅಂತ ಇಟ್ಟುಕೊಂಡರೆ ಬಳ್ಳಾರಿ, ಹೊಸಪೇಟೆ ಎರಡೂ ಮದ್ರಾಸ್ ರಾಜ್ಯದಲ್ಲಿವೆ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಹೊಸಪೇಟೆ ಬಿಟ್ಟು ತುಂಗಭದ್ರೆ ದಾಟಿದರೆ ಮುನಿರಾಬಾದ್, ಗಿಣಿಗೇರಿ, ಕೊಪ್ಪಳ. ಅದು ಹೈದರಾಬಾದ್ ರಾಜ್ಯ, ರಾಯಚೂರು ಜಿಲ್ಲೆ. 1956ರ ನವೆಂಬರಿನವರೆಗೆ ಹಾಗೇ. ಒಂದು ಸೇತುವೆಯ ಈ ತುದಿ ಒಂದು ರಾಜ್ಯ, ಆ ತುದಿ ಇನ್ನೊಂದು. ಅಣೆಕಟ್ಟು ಇನ್ನೂ ಕಟ್ಟುತ್ತಿದ್ದಾರೆ, ಮುಗಿದದ್ದು 1953ರಲ್ಲಿ. ಸ್ಟೇಷನ್ ಬೋರ್ಡಿನ ಇಂಗ್ಲಿಷಿನಲ್ಲಿ ಬೆಲ್ಲಾರಿ, ಹಾಸ್ಪೆಟ್ ಅಂತಲೇ ಇರಬೇಕು. ಈಗಿನ ಕಾಗುಣಿತ ಬಂದದ್ದು 2014ರಲ್ಲಿ. ನೀವು 1975 ಅಂತ ಇಟ್ಟುಕೊಂಡರೆ ಇವುಗಳಲ್ಲಿ ಬೋರ್ಡಿನ ಮಾತೊಂದು ಬಿಟ್ಟು ಉಳಿದದ್ದೆಲ್ಲ ತಿರುವುಮುರುವು. ಹೊಸಪೇಟೆಯಾಚೆ ಕೊಪ್ಪಳ, ಗದಗದ ಕಡೆ ಮೀಟರ್ ಗೇಜ್ ಹಳಿ ಕಿತ್ತದ್ದು ತೊಂಬತ್ತರ ದಶಕದಲ್ಲಿ. ಅಲ್ಲಿಯವರೆಗಿನ ಯಾವ ವರ್ಷವನ್ನಾದರೂ ಹಿಡಿಯಿರಿ, ಆದರೆ ಒಂದನ್ನೇ ಹಿಡಿಯಿರಿ.

ಹೊರಮೈ ಇಷ್ಟಾಯಿತು. ನನಗೆ ಹೆಚ್ಚು ಆಸೆಯಿರುವುದು ಒಳಗಿನದರ ಮೇಲೆ. ಬಹಳಷ್ಟು ಆಟಗಳಲ್ಲಿ ಉಗಿ ಇಂಜಿನ್ ಅಂದರೆ ಹೊಗೆ ಬಿಡುವ ಡೀಸೆಲ್. ಗುಂಡಿ ಒತ್ತಿದರೆ ಶಕ್ತಿ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಿಜವಾದ ಇಂಜಿನ್ನಿನಲ್ಲಿ ಶಕ್ತಿಯನ್ನು ಹತ್ತು ನಿಮಿಷ ಮುಂಚೆ ಬೇಯಿಸಿ ಇಡಬೇಕು. ಸಿಲಿಂಡರಿನಲ್ಲಿ ದುಡಿದ ಉಗಿ ಸುಮ್ಮನೆ ಹೊರಗೆ ಹೋಗುವುದಿಲ್ಲ. ಸ್ಮೋಕ್‌ಬಾಕ್ಸಿನೊಳಗಿನ ಕೊಳವೆಯಿಂದ ಚಿಮಣಿಗೆ ನುಗ್ಗುತ್ತದೆ, ನುಗ್ಗುವಾಗ ಬೆಂಕಿಯ ಗಾಳಿಯನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಗಾಡಿ ಹೆಚ್ಚು ದುಡಿದಷ್ಟೂ ಬೆಂಕಿ ಹೆಚ್ಚು ಉರಿಯುತ್ತದೆ. ಏರಿನಲ್ಲಿ ತನಗೆ ಬೇಕಾದ ಉಸಿರನ್ನು ತಾನೇ ಎಳೆದುಕೊಳ್ಳುವ ಯಂತ್ರ ಇದು. ಆದರೆ ಅದೇ ಹೊತ್ತಿಗೆ ನೀರು ಇಳಿಯುತ್ತದೆ. ಇಂಜೆಕ್ಟರ್ ತೆರೆದು ಟೆಂಡರಿನ ತಣ್ಣೀರು ಬಿಟ್ಟರೆ ಒತ್ತಡ ಬೀಳುತ್ತದೆ, ಬಿಡದಿದ್ದರೆ ಬೆಂಕಿ ಪೆಟ್ಟಿಗೆಯ ನೆತ್ತಿ ಬರಿದಾಗುತ್ತದೆ. ಏರು ಹತ್ತುವಾಗ ಬಾಯ್ಲರಿನ ನೀರು ಹಿಂದೆ, ಬೆಂಕಿಯ ಕಡೆಗೆ ಸರಿದಿರುತ್ತದೆ. ಗಾಜಿನ ಕೊಳವೆಯಲ್ಲಿ ನೀರು ಸಾಕಷ್ಟಿದೆ ಅನ್ನಿಸುತ್ತದೆ. ಏರಿನ ತುದಿ ದಾಟಿ ಇಳಿಜಾರಿಗೆ ಮೂತಿ ಹಾಕಿದ ಕ್ಷಣ ಅದೆಲ್ಲ ಮುಂದಕ್ಕೆ ಹರಿಯುತ್ತದೆ. ಅಷ್ಟರೊಳಗೆ ಫೈರ್‌ಮನ್ ನೀರು ತುಂಬಿಸಿಟ್ಟಿರಬೇಕು, ಇಲ್ಲದಿದ್ದರೆ ನೆತ್ತಿಯಲ್ಲಿರುವ ಸೀಸದ ಬಿರಡೆ ಕರಗಿ ಬೆಂಕಿಯ ಮೇಲೆ ಉಗಿ ಸುರಿಯುತ್ತದೆ. ನಿಮ್ಮ ತಾತನ ದಿನದ ಭಯ ಯಾವುದು ಅಂತ ಕೇಳಿ ನೋಡಿ, ಇದೇ ಇರುತ್ತದೆ. ಆಟ ಆಡುವವನಿಗೆ ಆ ಭಯದ ಒಂದು ಚೂರಾದರೂ ತಟ್ಟಬೇಕು.

ಓಪನ್ ರೈಲ್ಸ್‌ನಂಥ ಉಚಿತ ಸಿಮ್ಯುಲೇಟರಿನಲ್ಲಿ ಬಾಯ್ಲರ್ ಒತ್ತಡ, ಸಿಲಿಂಡರ್ ಅಳತೆ, ಬೆಂಕಿ ಜಾಲರಿಯ ವಿಸ್ತೀರ್ಣ ಎಲ್ಲವನ್ನೂ ಬೇರೆ ಬೇರೆ ಕೊಡಬಹುದು. ವೈಪಿಗೆ ಒತ್ತಡ ಚದರ ಇಂಚಿಗೆ 210 ಪೌಂಡ್, ಸಿಲಿಂಡರ್ ವ್ಯಾಸ 15¼ ಇಂಚು, ಪಿಸ್ಟನ್ನಿನ ಓಡಾಟ 24 ಇಂಚು. ನಿಮ್ಮ ಕಡತ ಸರಿಯಿದೆಯೇ ಅಂತ ಪರೀಕ್ಷಿಸಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿ: ವ್ಯಾಸದ ವರ್ಗವನ್ನು ಓಡಾಟದಿಂದ ಗುಣಿಸಿ, ಒತ್ತಡದ ನೂರಕ್ಕೆ 85 ಭಾಗದಿಂದ ಮತ್ತೆ ಗುಣಿಸಿ, ಗಾಲಿಯ 54 ಇಂಚಿನಿಂದ ಭಾಗಿಸಿ. ಸುಮಾರು 18,450 ಪೌಂಡ್ ಎಳೆತ ಬರಬೇಕು. ಆಟದಲ್ಲಿ ಇದಕ್ಕಿಂತ ಬಹಳ ಹೆಚ್ಚು ಎಳೆಯುತ್ತಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ. ಎಳೆಯಲಾರದ್ದನ್ನು ಎಳೆಸುವುದು ಆ ಇಂಜಿನ್ನಿಗೆ ಮಾಡುವ ಅವಮಾನ ಅಂತ ನಾನು ತಿಳಿಯುತ್ತೇನೆ.

ಸದ್ದು. ಎರಡು ಸಿಲಿಂಡರಿನ ಇಂಜಿನ್ ಗಾಲಿ ಒಂದು ಸುತ್ತು ಬಂದರೆ 4 ಸಲ ಉಸಿರು ಬಿಡುತ್ತದೆ. ನಿಮ್ಮ ಗಾಲಿಯ ಸುತ್ತಳತೆ 4.31 ಮೀಟರ್. ಗಂಟೆಗೆ 15 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು ಒಂದು ಸುತ್ತು, 4 ಉಸಿರು. 45ಕ್ಕೆ ಹೋದರೆ ಸೆಕೆಂಡಿಗೆ 12. ಆಗ ಕಿವಿಗೆ ಅದು ಎಣಿಕೆಯಾಗಿ ಉಳಿಯುವುದಿಲ್ಲ, ಒಂದೇ ಮೊರೆತವಾಗುತ್ತದೆ. ಎಲ್ಲೋ ಸಿಕ್ಕ ಒಂದು ರೆಕಾರ್ಡನ್ನು ಸುತ್ತಿ ಸುತ್ತಿ ಹಾಕಿದರೆ ಇದು ಬರುವುದಿಲ್ಲ. ಸದ್ದನ್ನು ಗಾಲಿಗೆ ಕಟ್ಟಿ. ನಾಲ್ಕು ಉಸಿರೂ ಒಂದೇ ತೂಕದವು ಆಗದಿರಲಿ. ವಾಲ್ವು ಸ್ವಲ್ಪ ಸರಿದಿದ್ದರೆ ಒಂದು ಸದ್ದು ಗಟ್ಟಿ, ಒಂದು ಮೆತ್ತಗೆ. ಶೆಡ್ಡಿನವರು ಕತ್ತಲಲ್ಲಿ ಗಾಡಿಯ ಗುರುತು ಹಿಡಿಯುತ್ತಿದ್ದದ್ದು ಇದರಿಂದಲೇ. ಹೊರಡುವಾಗ ಸಿಲಿಂಡರಿನ ಕೆಳಗಿನ ನಲ್ಲಿಗಳನ್ನೂ ಮರೆಯಬೇಡಿ. ತಣ್ಣಗಾದ ಸಿಲಿಂಡರಿನಲ್ಲಿ ನಿಂತ ನೀರನ್ನು ಹೊರಹಾಕಲು ಅವನ್ನು ತೆರೆಯುತ್ತಾರೆ. ಬಿಳಿ ಉಗಿ ಎರಡೂ ಬದಿಗೆ ನೆಲಮಟ್ಟದಲ್ಲಿ ಚಿಮ್ಮುತ್ತದೆ. ಚಿಕ್ಕಂದಿನಲ್ಲಿ ಕೊಪ್ಪಳದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇಂಜಿನ್ ನೋಡುತ್ತ ನಿಂತಿದ್ದ ನನ್ನನ್ನು ಪೋರ್ಟರ್ ಒಬ್ಬರು ತೋಳು ಹಿಡಿದು ಹಿಂದಕ್ಕೆ ಎಳೆದರು. ಮರುಕ್ಷಣ ನಾನು ನಿಂತಿದ್ದ ಜಾಗವೇ ಕಾಣಲಿಲ್ಲ. ಆ ಬಿಸಿ ಇವತ್ತಿಗೂ ಮೊಣಕಾಲ ಕೆಳಗೆ ನೆನಪಿದೆ.

ಬಣ್ಣಕ್ಕೆ ಹೆಚ್ಚು ಹೇಳುವುದಿಲ್ಲ. ಮ್ಯೂಸಿಯಂ ಇಂಜಿನ್ನಿಗೆ ಹಬ್ಬದ ಬಣ್ಣ ಬಳಿದಿರುತ್ತಾರೆ, ಅಳತೆಗೆ ಅದನ್ನು ನೋಡಿ, ಬಣ್ಣಕ್ಕೆ ನೋಡಬೇಡಿ. ದುಡಿಯುವ ಇಂಜಿನ್ ಮಸಿ ಕಪ್ಪು. ನಮ್ಮ ಗಡಸು ನೀರು ಸೋರಿದಲ್ಲೆಲ್ಲ ಸುಣ್ಣದ ಬಿಳಿ ಗೆರೆ. ತೋರಣಗಲ್ಲು, ಹೊಸಪೇಟೆಯ ಕಡೆ ಓಡಿದ್ದಕ್ಕೆ ಗಾಲಿಯ ಸಂದುಗಳಲ್ಲಿ ಅದಿರಿನ ಕೆಂಪು ಧೂಳು.

ಕೊನೆಗೆ, ತಾತನನ್ನು ಕೇಳುವ ಬಗೆ. “ಇಂಜಿನ್ ಹೇಗಿತ್ತು ತಾತ?” ಅಂದರೆ “ಚೆನ್ನಾಗಿತ್ತಪ್ಪ” ಅನ್ನುತ್ತಾರೆ, ಅಷ್ಟೆ. ಹಾಗೆ ಕೇಳಬೇಡಿ. ಒಂದು ಸ್ಟೂಲ್ ಹಾಕಿ, ನೀವು ಮಾಡಿದ ಕ್ಯಾಬನ್ನು ದೊಡ್ಡ ಪರದೆಯ ಮೇಲೆ ಇಟ್ಟು ಅವರ ಮುಂದೆ ಕೂಡಿಸಿ. ನೀರು ಬಿಡಬೇಕು ಅನ್ನಿ. ಬಾಯಿ ಹೇಳುವ ಮೊದಲು ಕೈ ಎತ್ತ ಹೋಗುತ್ತದೆ ನೋಡಿ. ಆ ಕೈ ಹೋದಲ್ಲಿ ಇಂಜೆಕ್ಟರ್ ಇಲ್ಲದಿದ್ದರೆ ನಿಮ್ಮ ಮಾಡೆಲ್ ತಪ್ಪು. ಫೋನಿನಲ್ಲಿ ಅದನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳಿ. ಒಂದೇ ದಿನದಲ್ಲಿ ಎಲ್ಲ ಕೇಳಿ ಸುಸ್ತು ಮಾಡಬೇಡಿ, ಆದರೆ ಮುಂದಿನ ರಜೆಗೆ ಅಂತ ಮುಂದಕ್ಕೂ ಹಾಕಬೇಡಿ. ಮಾಡೆಲ್ ಜೊತೆ ಕೊಡುವ ಟಿಪ್ಪಣಿಯಲ್ಲಿ ಯಾವುದು ನಕ್ಷೆಯಿಂದ, ಯಾವುದು ಫೋಟೋದಿಂದ, ಯಾವುದು ತಾತನ ಮಾತಿನಿಂದ, ಯಾವುದು ನಿಮ್ಮ ಊಹೆ ಎಂದು ಬಿಡಿಸಿ ಬರೆಯಿರಿ. ನಾಳೆ ಇನ್ನೊಬ್ಬರು ಅದನ್ನು ತಿದ್ದಲು ಕೂತಾಗ ಅವರಿಗೆ ಆಧಾರ ಬೇಕು. ಟೆಂಡರನ್ನು ಮಾತ್ರ ತಾತ ಹೇಳಿದ ಹಾಗೇ ಮಾಡಿ.

ನನ್ನ ಪರವಾಗಿ ಅವರಿಗೆ ಒಂದು ಪ್ರಶ್ನೆ ಕೇಳಿ. ಹೊಸಪೇಟೆಯಿಂದ ಹೊರಟು ಹೊಳೆ ದಾಟುವಾಗ ಅವರು ಬಾಯ್ಲರಿಗೆ ನೀರು ಬಿಡುತ್ತಿದ್ದದ್ದು ಸೇತುವೆಗೆ ಮೊದಲೋ, ಮುನಿರಾಬಾದ್ ಮುಟ್ಟಿದ ಮೇಲೋ? ಅವರ ಉತ್ತರವನ್ನು ಅವರದೇ ಮಾತಿನಲ್ಲಿ ಬರೆದು ಕಳಿಸಿ. ಇಂಜಿನ್ನಿನ ನಂಬರನ್ನೂ.